ಉಪ್ಪಿನ ಬಯಲಿನಲ್ಲಿ ಎರಡನೆಯ ಗುರುತು

ಇದು ನಮ್ಮ ಬೀದಿಯ ನೆಮೆಸಿಯಾಳಿಗೆ ಆದದ್ದು. ಅವರಿವರು ಹೇಳಿದ್ದಲ್ಲ. ಅವಳೇ ಒಲೆಯ ಮುಂದೆ ಕೂತು, ದನಿ ಏರಿಸದೆ ಹೇಳಿದ್ದು. ಮಕ್ಕಳೂ ಕೇಳಬಹುದು. ಆದರೆ ನಡುವೆ ಬಾಯಿ ಹಾಕಬಾರದು.

ಮಳೆಗಾಲದ ರಾತ್ರಿ. ಉಯುನಿಯ ಉಪ್ಪಿನ ಬಯಲಿನ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಚಕ್ರದ ಗುರುತು ಒಂದೂ ಉಳಿದಿರಲಿಲ್ಲ. ಮೋಡ ಕವಿದು ತುನುಪಾ ಬೆಟ್ಟವೂ ಕಾಣುತ್ತಿರಲಿಲ್ಲ. ಮೇಲೆ ಕಪ್ಪು, ಕೆಳಗೆ ಕಪ್ಪು. ನಡುವೆ ನೆಮೆಸಿಯಾ, ಅವಳ ಮಗಳು ಸೆನೋಬಿಯಾ... ಇಬ್ಬರೇ ಊರ ಕಡೆ ನಡೆಯುತ್ತಿದ್ದರು.

ಆಗಷ್ಟೇ ಒಂದು 'ಕಣ್ಣು' ದಾಟಿದ್ದರು. ಉಪ್ಪಿನ ಪದರ ತೆಳುವಾಗಿ, ಅಡಿಯ ನೀರು ಉಕ್ಕುವ ಹೊಂಡಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಲಾರಿಯನ್ನೇ ನುಂಗಿದ ಕಣ್ಣುಗಳಿವೆ. ಹಿಂದಿನಿಂದ ಅದರ ಸದ್ದು ಬಂತು. ಗ್ಲುಕ್... ಸ್ವಲ್ಪ ಬಿಟ್ಟು ಮತ್ತೆ... ಗ್ಲುಕ್.

"ತಿರುಗಿ ನೋಡಬೇಡ," ಎಂದಳು ನೆಮೆಸಿಯಾ.

"ನೋಡಿದ್ರೂ ಏನ್ ಕಾಣತ್ತಮ್ಮ?"

ಇಬ್ಬರನ್ನೂ ಕರೆದುಕೊಂಡು ಬರುತ್ತಿದ್ದ ನಮ್ಮೂರ ಹಿಲಾರಿಯೋನನ ಲಾರಿ ಬಯಲಿನ ನಡುವೆ ಹೂತುಹೋಗಿತ್ತು. ಎತ್ತುವಾಗ ಜ್ಯಾಕ್ ಜಾರಿ, ಅವನ ಪಾದ ಚಕ್ರದ ಅಚ್ಚಿನ ಕೆಳಗೆ ಸಿಕ್ಕಿಕೊಂಡಿತ್ತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಬೆಳಗಿನ ಜಾವದ ಚಳಿಗೆ ಮೊದಲು ಊರಿನ ಗಂಡಸರನ್ನು ಕರೆತರಬೇಕು. ಕರೆತಂದರೆ ಸಾಲದು, ಅವನಿರುವ ಜಾಗವನ್ನೂ ತೋರಿಸಬೇಕು. ಆ ಬಯಲು ಒಂದು ಜಿಲ್ಲೆಯಷ್ಟು ಅಗಲ. ಅವನು ಕೈಯಳತೆಯ ದಾರಿತೋರಕ ಯಂತ್ರದಲ್ಲಿ ತಾನಿದ್ದ ಜಾಗದ ಗುರುತು ಒತ್ತಿ, ಸೆನೋಬಿಯಾಳ ಕೈಗೆ ಕೊಟ್ಟಿದ್ದ; ನೆಮೆಸಿಯಾ ಅದನ್ನು ಇಸಿದುಕೊಂಡು ಭದ್ರವಾಗಿ ಇಟ್ಟಿದ್ದಳು.

"ಹೋಗಿ ಬಾ ಕೊಮಾದ್ರೆ," ಎಂದು ನೆಮೆಸಿಯಾಳಿಗೆ, ಆಪ್ತ ಗೆಳತಿಯನ್ನು ಕರೆಯುವ ಸಲಿಗೆಯಲ್ಲಿ, ಹಲ್ಲು ಕಿರಿದು ಹೇಳಿದ್ದ. "ನಾನೇನೂ ಎಲ್ಲಿಗೂ ಓಡಿಹೋಗಲ್ಲ."

ಅವಳು ನಗಲಿಲ್ಲ. ಸೆನೋಬಿಯಾ ಬೆನ್ನಿಗೆ ಕಟ್ಟಿದ ಬಟ್ಟೆಯೊಳಗಿನ ಕೂಸಾಗಿದ್ದಾಗ ಅವಳ ಅಪ್ಪ, ನೆಮೆಸಿಯಾಳ ಗಂಡ ದೆಲ್ಫೀನ್, ಇದೇ ಬಯಲಿಗೆ ಹೋದವನು ಮರಳಿರಲಿಲ್ಲ. ಕಾರ್ನಿವಲ್ ಹಬ್ಬ ಮುಗಿಯುವ ತನಕ ಹುಡುಕಿದರು. ಎಲ್ಲಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಅಂದು ನೆಮೆಸಿಯಾಳ ಒಳಗೆ ಏನೋ ಮರಗಟ್ಟಿತು. ಅತ್ತಿದ್ದನ್ನು ನಾವ್ಯಾರೂ ನೋಡಿಲ್ಲ.

ಚಳಕ್... ಚಳಕ್... ಅವಳದೇ ಕಾಲ ಸದ್ದು ದೂರದ್ದೆಂಬಂತೆ ಕೇಳುತ್ತಿತ್ತು. ಚಳಿಗೆ ಕಾಲ್ಬೆರಳುಗಳು ಸತ್ತಿದ್ದವು.

"ಅಮ್ಮಾ, ಯಂತ್ರ ಕೊಡು. ದಾರಿ ನೋಡೋಣ."

ನೆಮೆಸಿಯಾ ಸೊಂಟದ ಗಂಟಿನಿಂದ ತಗಡಿನ ಹಾಲುಪುಡಿ ಡಬ್ಬಿ ತೆಗೆದಳು. ನಮ್ಮ ಊರಿನಲ್ಲಿ ಬೆಲೆಬಾಳುವುದೆಲ್ಲ ಇರುವುದು ಡಬ್ಬಿಯಲ್ಲೇ, ಇಲ್ಲವಾದರೆ ಉಪ್ಪು ತಿಂದುಬಿಡುತ್ತದೆ. ಮುಚ್ಚಳ ಕಿರ್ ಎಂದು ತೆರೆಯಿತು.

"ಅಯ್ಯೋ ಅಮ್ಮಾ! ತಗಡಿನೊಳಗೆ ಹಾಕಿದ್ಯಾ? ಅದಕ್ಕೆ ಕಿವಿ ಕೇಳಲ್ಲ!"

"ಡಬ್ಬಿ ಬಿಟ್ಟು ಇನ್ನೆಲ್ಲಿ ಇಡಲಿ? ನಿನ್ನ ತಲೆ ಮೇಲಾ?"

"ಇಷ್ಟು ಹೊತ್ತು ಕಣ್ಣುಮುಚ್ಚಿ ನಡೆದಿದೀವಿ. ಈಗ ಅದು ಮತ್ತೆ ಕೇಳಿಸ್ಕೋಬೇಕು. ನಿಂತ್ಕೋ."

ನಿಂತರು. ಗಾಳಿ ಊಳಿಡುತ್ತಿತ್ತು ಎಂದು ಕೆಲವರು ಸೇರಿಸುತ್ತಾರೆ. ಅದು ಸುಳ್ಳು. ಗಾಳಿಯೇ ಇರಲಿಲ್ಲ. ಅದಕ್ಕೇ ಆ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿದ್ದು.

ಚಳಕ್... ಸರ್ರ್... ಚಳಕ್... ಸರ್ರ್...

ಒಂದು ಹೆಜ್ಜೆ ಇಡುವುದು. ಒಂದು ಕಾಲು ಎಳೆಯುವುದು.

ಬಂದು ಪಕ್ಕದಲ್ಲಿ ನಿಂತಿತು.

ರಾತ್ರಿ ಬಯಲಿನಲ್ಲಿ ಜೊತೆಗೆ ಬಂದವರ ಮುಖ ನೋಡಬಾರದು, ಅವರನ್ನು ಬರಿಗೈಯಲ್ಲಿ ನಿಲ್ಲಿಸಲೂ ಬಾರದು. ಅದು ನಮ್ಮ ಕಡೆಯ ಪದ್ಧತಿ. ನೆಮೆಸಿಯಾ ಒಂದು ಹಿಡಿ ಕೋಕಾ ಎಲೆಯನ್ನು ಪಕ್ಕಕ್ಕೆ ಚಾಚಿದಳು. ಎಲೆ ಅವಳ ಕೈಯಿಂದ ಹೋಯಿತು. ಅಗಿಯುವ ಸದ್ದು... ಕರ್... ಕರ್...

"ಏನು ಮಗೂ ಅದು?" ದನಿ ಪಿಸುಗುಟ್ಟಿತು. ಗಂಟಲಲ್ಲಿ ಉಪ್ಪು ಕಟ್ಟಿದಂಥ ದನಿ.

"ದಾರಿ ತೋರಿಸೋ ಯಂತ್ರ, ಮಾಮ."

"ದಾರಿ ಅದಕ್ಕೆ ಯಾರು ಹೇಳ್ತಾರೆ?"

ಸೆನೋಬಿಯಾ ಶಾಲೆಯಲ್ಲಿ ಕಲಿತದ್ದನ್ನು ಒಪ್ಪಿಸುವವಳಂತೆ ಮೆಲ್ಲನೆ ಹೇಳತೊಡಗಿದಳು.

"ಮೇಲೆ ಉಪಗ್ರಹ ಸುತ್ತುತ್ತಾ ಇರ್ತವೆ. ಪ್ರತಿಯೊಂದೂ ಕೂಗ್ತಾನೇ ಇರತ್ತೆ, ನಾನು ಇಲ್ಲಿದೀನಿ, ಈಗ ಗಂಟೆ ಇಷ್ಟು ಅಂತ. ಕೂಗು ಇಲ್ಲಿಗೆ ಬರೋದ್ರಲ್ಲಿ ಒಂಚೂರು ತಡ ಆಗತ್ತೆ. ತಡ ಜಾಸ್ತಿ ಆದ್ರೆ ದೂರ ಜಾಸ್ತಿ."

"ಮೋಡ ಇದೆಯಲ್ಲ..."

"ಮೋಡ ಅಡ್ಡ ಬರಲ್ಲ. ತಗಡು ಬರತ್ತೆ." ಯಂತ್ರದ ಬೆಳಕಿನಲ್ಲಿ ತಾಯಿಯ ಕಡೆ ಒಮ್ಮೆ ನೋಡಿ ಹೇಳಿದಳು. "ಮೇಯೋಕೆ ಬಿಟ್ಟ ಲಾಮಾನ ಗೂಟಕ್ಕೆ ಕಟ್ಟಿ, ಹಗ್ಗ ಬಿಗಿಯಾಗಿದೆ ಅಂತಿಟ್ಕೋ. ಅದು ಸುತ್ತ ಎಲ್ಲಿ ಬೇಕಾದ್ರೂ ಇರಬಹುದು, ಅಲ್ವಾ? ಇನ್ನೊಂದು ಗೂಟದಿಂದ್ಲೂ ಹಗ್ಗ ಬಿಗಿದ್ರೆ ಎರಡೇ ಜಾಗ ಉಳಿಯತ್ತೆ. ಮೂರನೇ ಹಗ್ಗಕ್ಕೆ ಒಂದೇ ಜಾಗ. ಹಾಗೇ ಮೂರು ಉಪಗ್ರಹದ ದೂರ."

"ಹಾಗಾದ್ರೆ ಮೂರು ಸಾಕು."

"ಸಾಲದು. ಈ ಪೆಟ್ಟಿಗೆಯ ಗಡಿಯಾರ ಅಗ್ಗದ್ದು, ತಪ್ಪು ತೋರಿಸತ್ತೆ. ಅವುಗಳದ್ದು ಬಲು ನಿಖರ. ನಾಲ್ಕನೇದು ಇದರ ಗಡಿಯಾರ ತಿದ್ದತ್ತೆ."

ಅಗಿಯುವುದು ನಿಂತಿತು.

"ಎಷ್ಟನೇ ಕ್ಲಾಸು ನೀನು?"

"ಐದು."

"ಜಾಣೆ..." ಎಂದಿತು ದನಿ. "ಮೇಲಿರೋ ಅವುಗಳಿಗೆ... ನಾವು ಎಲ್ಲಿದೀವಿ ಅಂತ ಗೊತ್ತಾ?"

"ಇಲ್ಲ ಮಾಮ. ಅವು ಬರೀ ಕೂಗ್ತವೆ. ನಾವು ಬರೀ ಕೇಳಿಸ್ಕೋತೀವಿ. ನಾವಾಗಿ ಯಾರಿಗಾದ್ರೂ ಹೇಳದಿದ್ರೆ, ನಾವು ಎಲ್ಲಿದೀವಿ ಅಂತ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ..."

"ಹೂಂ."

ನೆಮೆಸಿಯಾ ನೀರನ್ನೇ ನೋಡುತ್ತಿದ್ದಳು. ಎಳೆಯುವ ಆ ಕಾಲನ್ನು ಅವಳು ಬಲ್ಲಳು. ದೆಲ್ಫೀನ್ ಉಪ್ಪು ಕಡಿಯುವಾಗ ಕೊಡಲಿ ತಪ್ಪಿ ಪೆಟ್ಟಾದ ಕಾಲು. ಗಾಯ ಕಟ್ಟಿದವಳು ಅವಳೇ. ಏನಾದರೂ ಅನ್ನಿಸಬೇಕಿತ್ತು... ಏನೂ ಅನ್ನಿಸಲಿಲ್ಲ.

ಟ್ಲಿಂಕ್. ಯಂತ್ರ ಆಕಾಶವನ್ನು ಕೇಳಿಸಿಕೊಂಡಿತ್ತು. ಊರಿನ ಕಡೆ ಬಾಣ ತೋರಿಸಿತು.

"ಬಾ ಅಮ್ಮ, ಹೊರಡೋಣ."

"ಮಗೂ..." ದನಿ ಈಗ ಇನ್ನೂ ಸಣ್ಣಗಿತ್ತು. "ನನ್ನದೂ ಒಂದು ಗುರುತು ಒತ್ತಿಬಿಡು."

ಸೆನೋಬಿಯಾ ತಾಯಿಯ ಮುಖ ನೋಡಿದಳು. ಸತ್ತವರ ಕೆಲಸ ಒಪ್ಪಿಕೊಂಡವರು ಅದನ್ನು ಪೂರೈಸಲೇಬೇಕು, ನಡುವೆ ಬಿಟ್ಟರೆ ಅವರು ಮನೆಯವರೆಗೂ ಬರುತ್ತಾರೆ. ನೆಮೆಸಿಯಾಳಿಗೆ ಇದು ಚೆನ್ನಾಗಿ ಗೊತ್ತು.

"ಒತ್ತು," ಎಂದಳು.

ಟ್ಲಿಂಕ್.

ಆಮೇಲೆ ಇಬ್ಬರದೇ ಹೆಜ್ಜೆ. ಚಳಕ್... ಚಳಕ್... ಊರಿನ ದೀಪ ಕಾಣುವ ತನಕ.

ಮೊದಲ ಗುರುತಿಗೆ ಬಾಣ ತೋರಿಸಿದಲ್ಲಿಗೇ ಗಂಡಸರು ಹೋದರು. ಹಿಲಾರಿಯೋನ್ ಸಿಕ್ಕಿದ. ಬದುಕಿದ್ದ. ಲಾರಿಯನ್ನೂ, ಲಾರಿ ಮಾಡಿದವನನ್ನೂ, ಅವನ ಅಜ್ಜಿಯನ್ನೂ ಬಯ್ಯುತ್ತಿದ್ದ. ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನೆಮೆಸಿಯಾ ಅವನ ಅಣ್ಣನಿಗೆ, "ಇನ್ನೊಂದು ಗುರುತಿದೆ, ನನ್ನನ್ನ ಅಲ್ಲಿಗೆ ಕರಕೊಂಡು ಹೋಗು," ಎಂದಳು. ಯಾಕೆ ಎಂದು ಅವನು ಕೇಳಿದ. ಅವಳು ಆಗಲೇ ಯಂತ್ರ ಹಿಡಿದು ಹೊರಟಿದ್ದಳು.

ಆಗ ಬೆಳಕು ಹರಿದಿತ್ತು. ಗುರುತಿನ ಜಾಗದಲ್ಲಿ ಏನೂ ಇರಲಿಲ್ಲ. ಹೊಂಡದ ಕಣ್ಣಿಲ್ಲ, ಎಲುಬಿಲ್ಲ, ಬಟ್ಟೆಯ ಚೂರಿಲ್ಲ. ಎಲ್ಲ ಕಡೆಯಂತೆ ಗಟ್ಟಿ ಉಪ್ಪು, ಅದರ ಮೇಲೆ ಪಾದ ಮುಳುಗುವಷ್ಟು ನೀರು. ಹಿಲಾರಿಯೋನನ ಅಣ್ಣ ಬಗ್ಗಿ ಕೈ ಅದ್ದಿದವನು ಥಟ್ಟನೆ ಹಿಂದೆಗೆದ. ನಾಲ್ಕು ಹೆಜ್ಜೆ ಆಚೆ ಹೋಗಿ ಅದ್ದಿದ. ಮತ್ತೆ ಬಂದು ಅದ್ದಿದ.

ನೆಮೆಸಿಯಾ ಬೂಟು ಕಳಚಿ ಅಲ್ಲಿ ನಿಂತಳು. ಬೆರಳುಗಳಿಗೆ ಜೀವ ಬರುವ ತನಕ ನಿಂತಳು. ಚುರುಚುರು ಎಂದು ಜೀವ ಬಂತು, ನೋವೂ ಬಂತು. ಆಗ ಅತ್ತಳು.

ಇದಕ್ಕೆ ಒಂದು ಮಾತನ್ನೂ ನಾನು ಸೇರಿಸಿಲ್ಲ. ಹಿಲಾರಿಯೋನನ ಅಣ್ಣ ಇನ್ನೂ ಇದ್ದಾನೆ, ದೇವರನ್ನೇ ನಂಬದ ಮನುಷ್ಯ. ಬೇಕಾದರೆ ಹೋಗಿ ಕೇಳಿ. ಆ ಮುಂಜಾವಿನ ಕೊರೆಯುವ ಚಳಿಯಲ್ಲಿ, ಆ ಒಂದು ಜಾಗದಲ್ಲಿ ಮಾತ್ರ... ನೀರು ಬೆಚ್ಚಗಿತ್ತು.