ರೈಟ್ರೇ, ಮುಂದಿನ ಮಾತು?

ನಗೋದಾದ್ರೆ ಬೆಳಗಾದ ಮೇಲೆ ನಗಿ ಮಾರಾಯ್ರೆ. ಇದು ನಮ್ಮ ಪಕ್ಕದ್ಮನೆ ರುದ್ರಪ್ಪನವರಿಗೆ ಆಗಿದ್ದು, ಹೋದ ಮಾರ್ಚಲ್ಲಿ.

ಸಂಸೆ ಹತ್ರದ ಎಸ್ಟೇಟಲ್ಲಿ ಅವರು ರೈಟರ್. ರೈಟರ್ ಅಂದ್ರೆ ಆಳುಗಳ ಹಾಜರಿ ಬರೆಯೋರು, ಅಷ್ಟೇ. ಅವತ್ತು ಅವರ ಹೆಂಡ್ತಿ ಅರುಣಾಗೆ ಉಬ್ಬಸ ಏರಿತ್ತು. ಬಾಯಿಗಿಟ್ಟು ಎಳ್ಕೊಳ್ಳೋ ಪಂಪು ಖಾಲಿ. ಕಳಸಕ್ಕೆ ಹೋಗಿ ಹೊಸದು ತಗೊಂಡು, ಕೊನೇ ಬಸ್ಸಿಳಿದು ಓಡ್ತಿದ್ರು. ಊರಿಗೆಲ್ಲ ಕರೆಂಟಿಲ್ಲ. ಬೇಗ ಆಗ್ಲಿ ಅಂತ ಹಳೇ ಕ್ಲಬ್ಬಿನ ಬಾವಿ ದಾರಿ ಹಿಡಿದ್ರು. ಕತ್ತಲಾದ್ಮೇಲೆ ಆ ದಾರೀಲಿ ಯಾರೂ ಹೋಗಲ್ಲ.

ಬಾವಿ ರಾಟೆ ಕಿರ್ರ್… ಅಂತು. ಗಾಳಿ ಇರ್ಲಿಲ್ಲ.

"ರೈಟ್ರೇ…"

ಕತ್ತಲಲ್ಲಿ ಒಂದೇ ಸಲ ಕರೆದ್ರೆ ಓಗೊಡಬಾರದು. ಮಕ್ಕಳಿಗೂ ಗೊತ್ತು. ಆದ್ರೆ ಅಭ್ಯಾಸಬಲ ನೋಡಿ… "ಹ್ಞಾಂ ಅಮ್ಮ" ಅಂದ್ಬಿಟ್ರು.

"ನನ್ನ್ ಮಾತು… ಮುಂದಿಂದು… ಹೇಳಿ."

ಆಗ ನೆನಪಾಯ್ತು, ಅವರಜ್ಜಿ ತಿಮ್ಮಮ್ಮ ಹೇಳ್ತಿದ್ದ, ಬ್ರಿಟಿಷರ ಕಾಲದ ದೊರೆಸಾನಿ ಕತೆ. ಲಂಡನ್ನಿನ ನಾಟಕಗಳಲ್ಲಿ ರಾಣಿ ಪಾರ್ಟು ಮಾಡಿ ಹೆಸರು ತಗೊಂಡೋರು. ಸಿನಿಮಾಕ್ಕೆ ಹೋದ್ರೆ ಅಲ್ಲಿ ಬರೀ ಅಮ್ಮನ ಪಾರ್ಟು ಕೊಟ್ರು. ಬೇಜಾರಾಗಿ ಎಲ್ಲ ಬಿಟ್ಟು, ಈ ತೋಟದ ದೊರೆನ ಮದುವೆಯಾಗಿ ಬಂದ್ರು. ಸುಮ್ಮನಿರೋಕಾಗುತ್ತಾ? ಕ್ಲಬ್ಬಲ್ಲೇ ನಾಟಕ ಹೂಡಿದ್ರು. ಆಗಿನ ರೈಟರನ್ನ ತೋರಿಸಿ "ಇವರು ನಮ್ಮ ರೈಟರ್" ಅಂತ ಯಾರೋ ಅಂದಿದ್ದೇ ತಡ, ನಾಟಕ ಬರೆಯೋನೇ ಸಿಕ್ಕ ಅಂದ್ಕೊಂಡು, ಹಾಜರಿ ಬರೆಯೋನ ಕೈಗೆ ನಾಟಕದ ಪುಸ್ತಕ ಕೊಟ್ಟು ಪರದೆ ಹಿಂದೆ ಕೂರಿಸಿದ್ರು, ಮಾತು ಮರೆತ್ರೆ ಎತ್ತಿಕೊಡೋಕೆ. ನಾಟಕದ ದಿನ ದೊರೆಸಾನಿಗೆ ಕೊನೇ ಮಾತೇ ಮರೆತುಹೋಯ್ತು. ತಿರುಗಿ ಅವನ ಕಡೆ ನೋಡಿದ್ರು. ಪಾಪ, ಅವನಿಗೆ ಇಂಗ್ಲಿಷಲ್ಲಿ ಬರ್ತಿದ್ದಿದ್ದು ಆಳುಗಳ ಹೆಸರು ಮಾತ್ರ. ಬಾಯಿ ಬಿಡ್ಲಿಲ್ಲ. ಆಮೇಲೆ ಅವರು ಸಾಯೋವರೆಗೂ ಬಣ್ಣ ಹಚ್ಚಲೇ ಇಲ್ಲ.

"ಹೇಳಿ ರೈಟ್ರೇ…" ಈ ಸಲ ಕಿವಿ ಹತ್ರ.

ರುದ್ರಪ್ಪನವರು ಪಂಪನ್ನ ಜೇಬಿಗೆ ತುರುಕಿದ್ರು. ಅಲ್ಲಿ ಅರುಣಾಳ ಉಸಿರು… ಕೈ ಮುಗಿದು ಪಿಸುಗುಟ್ಟಿದ್ರು. "ಮನೇಲಿ ಹೆಂಡ್ತಿಗೆ ಉಸಿರು ಕಟ್ಟಿದೆ ಅಮ್ಮ. ಹೋಗಿ ಬರ್ತೀನಿ."

ಆಮೇಲೆ ಆ ದನಿ, ಹೊಸ ಮಾತು ಕಲಿಯೋರ ಹಾಗೆ, ನಿಧಾನಕ್ಕೆ… "ಹೋಗಿ… ಬರ್ತೀನಿ."

ಕಾಫಿ ಗಿಡಗಳ ಒಳಗಿಂದ ಚಟಚಟಚಟ ಸದ್ದು. ರುದ್ರಪ್ಪನವರು ಓಡಿದ್ರು. ತೋಟಕ್ಕೆ ನೀರು ಹಾರಿಸೋ ಸ್ಪ್ರಿಂಕ್ಲರ್ ಅಂದ್ಕೊಂಡಿದ್ರು. ಗೇಟು ದಾಟುವಾಗ ಹೊಳೀತು, ಕರೆಂಟಿಲ್ಲದೆ ಮೋಟ್ರು ಎಲ್ಲಿ ಓಡುತ್ತೆ? ಅದು ಚಪ್ಪಾಳೆ.

ಮನೆಗೆ ಬಂದ್ರೆ ಅರುಣಾ ಗೋಡೆಗೊರಗಿ ಕೂತಿದ್ದಾರೆ. ಉಸಿರು ಸಲೀಸು.

"ಯಾರ್ರೀ ಅವರು, ಬೆಳ್ಳಗಿರೋ ಅಮ್ಮ? ನನ್ನ ಹೊಟ್ಟೆ ಮೇಲೆ ಕೈಯಿಟ್ಟು, ಇಲ್ಲಿಂದ ಉಸಿರು ತಗೋ, ಹಿಂದೆ ಕೂತೋರಿಗೂ ಕೇಳ್ಬೇಕು ಅಂದ್ರು. ಈಗ ತಾನೇ ಹೋದ್ರು."

"ಹೋಗ್ತಾ… ಏನಂದ್ರು?"

"ಎಲ್ರೂ ಏನಂತಾರೋ ಅದೇ. ಹೋಗಿ ಬರ್ತೀನಿ ಅಂದ್ರು."

ಸುಳ್ಳಲ್ಲ ಮಾರಾಯ್ರೆ. ಆ ಪಂಪು ನಾನೇ ನೋಡಿದೀನಿ, ಸೀಲು ಇನ್ನೂ ಒಡೆದಿಲ್ಲ. ರುದ್ರಪ್ಪನವರು ಈಗ ಯಾರ ಮನೆಯಿಂದ ಎದ್ರೂ "ಹೋಗ್ತೀನಿ" ಅಂತಾರೆ. ಅಪಶಕುನ ಅಂತ ಎಷ್ಟು ಬೈದ್ರೂ, "ಬರ್ತೀನಿ" ಮಾತ್ರ ಅನ್ನಲ್ಲ.