ಮೊಲದ ಮೂಲೆ

ಹುಣಸೂರು ಬಸ್ ನಿಲ್ದಾಣದಲ್ಲಿ ಒಬ್ಬಳೇ ಕೂತಿದ್ದ ಸುಕನ್ಯಳಿಗೆ, ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜ ತನ್ನೂರಿನ ಅಜ್ಜಿಯನ್ನು ಮಾತಾಡಿಸುತ್ತಿದ್ದದ್ದು ಕಿವಿಗೆ ಬಿತ್ತು.

“ಒಲದಲ್ಲಿ ಉರುಳಿ ಗಿಡ ಎಲ್ಲಾ ಕಿತ್ತಾಯ್ತಾ, ಕೆಂಪಾಜಕ್ಕ?”

“ಮೂಲೇಲಿ ಒಂದು ಮಾರಗಲ ಕೀಳ್ದೆ ಬುಟ್ಟಿವ್ನಿ ಕಣಪ್ಪ. ಮೊಲ ಕೊನೇಗೆ ಅಲ್ಲೇ ತಾನೆ ಅವಿತ್ಕೊಳ್ಳೋದು?”

“ಊಂ. ನಿಮ್ಮೆಜಮಾನ್ರು ಇದ್ದಾಗ ಚಪ್ಪಾಳೆ ತಟ್ಟಿ ಎಬ್ಬುಸ್ತಿದ್ರು. ಚಂಗನೆ ನೆಗೆಯೋದು.”

“ಅದು ಓಡೋದ್ಮೇಲೇ ಆ ಮೂಲೆಗೆ ಕೈ ಇಕ್ತಿದ್ದುದು.”

“ಈಗ ಮೊಲ ಎಲ್ಲವೆ ಬುಡಕ್ಕ? ನಾನು ಕಂಡು ಆರು ವರ್ಸ ಆಯ್ತು.”

“ನಾನೂ ಕಂಡಿಲ್ಲ.”

“ಈ ಸಲ ಚಪ್ಪಾಳೆ ತಟ್ಟಿ ನೋಡಿದ್ಯಾ?”

“ಇಲ್ಲ ಕಣಪ್ಪ. ತಟ್ಟಿದ್ಮೇಲೂ ಏನೂ ಏಳ್ನಿಲ್ಲ ಅಂದ್ರೆ?”

ಗಾವಡಗೆರೆ ಬಸ್ಸು ಬಂತು. ಅಜ್ಜ ಆಕೆಯ ಚೀಲವನ್ನೂ ತಾನೇ ಎತ್ತಿಕೊಂಡ.

“ಅಂಗಾರೆ ತಟ್ಬ್ಯಾಡ ಬುಡಕ್ಕ.”