ಯಜಮಾನನ ಮದುವೆ ಅಂಗಿ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಬುಧವಾರ. ಶಾಲೆಗೆ ಅದಕ್ಕೂ ಮೊದಲೇ ಕೈ ಮುಗಿದಿದ್ದೆ. ನೇರ ಹೋಗಿ ಬಿದ್ದದ್ದು ದೊಡ್ಡಪ್ಪನ ಮಗನ ಹತ್ತಿರ. ಕಾಡಿನ ನಡುವೆ ಕುದುರೆಗಾಡಿ ಕಾಲದ ಒಂದು ವಸತಿಗೃಹ. ಅಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವುದು ಅಣ್ಣನ ಕೆಲಸ. ಇದು ಅವನಿಗೆ ಆದದ್ದು. ನಾನು ಪಕ್ಕದಲ್ಲೇ ಇದ್ದೆ.

ಮಾರನೇ ದಿನ ವಸತಿಗೃಹದ ಯಜಮಾನನ ಮದುವೆ, ಅಲ್ಲೇ. ಹಿಂದಿನ ದಿನ ನಾವಿಬ್ಬರೂ ಪೇಟೆಯಿಂದ ಹೂವು ಹೊತ್ತು ಬರುವಾಗ ರಾತ್ರಿಯಾಗಿತ್ತು. ಬಾವಿ ದಾಟುತ್ತಲೇ ಅಣ್ಣ ನನ್ನ ತೋಳು ಹಿಡಿದ.

"ಶ್... ಕೇಳಿಸ್ತಾ?"

ಹಿತ್ತಲಿನ ಇಸ್ತ್ರಿ ಕೋಣೆಯಿಂದ. ಟಕ್... ಸರ್ರ್... ಚುಂಯ್... ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಕೂತ ಸದ್ದು. ಜಾರಿದ ಸದ್ದು. ಒದ್ದೆ ಬಟ್ಟೆಗೆ ಬಿಸಿ ತಾಗಿದ ಸದ್ದು.

"ಯಾರೋ ಇಸ್ತ್ರಿ ಮಾಡ್ತಿದಾರೆ. ಮದುವೆ ಮನೆ ಅಲ್ವಾ?"

"ಆ ಕೋಣೆಗೆ ಬೀಗ ಹಾಕಿ ವರ್ಷದ ಮೇಲಾಯ್ತು ಕಣೋ. ಬೀಗದ ಕೈ ನನ್ನ ಸೊಂಟದಲ್ಲಿದೆ."

ಪಿಸುಮಾತಲ್ಲೇ ಹೇಳಿದ. ಅಲ್ಲಿ ಇಸ್ತ್ರಿ ಮಾಡುತ್ತಿದ್ದವಳನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಮದುವೆಯಾಗ್ತೀನಿ ಅಂತ ಯಜಮಾನ ಅವಳನ್ನು ನಂಬಿಸಿದ್ದ. ಒಂದು ದಿನ ಅತಿಥಿಗಳ ಎದುರಿಗೇ "ಯಾವಾಗ?" ಅಂತ ಕೇಳಿಬಿಟ್ಟಳು. ಆ ಸಂಜೆ ಯಜಮಾನ ಇಸ್ತ್ರಿ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡ. ಬೆಳಿಗ್ಗೆ ಅಕ್ಕ ಬಾವಿಯಲ್ಲಿದ್ದಳು. ಕಾಲು ಜಾರಿತು ಅಂತ ಎಲ್ಲರಿಗೂ ಹೇಳಿ, ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

"ಎತ್ತಿದ್ದು ನಾನು. ಬೆನ್ನ ಮೇಲೆ ಪೆಟ್ಟಿಗೆಯ ಅಚ್ಚು ಇತ್ತು. ಕಾಲು ಜಾರಿದವಳ ಬೆನ್ನು ಸುಡುತ್ತೇನೋ?"

"ಮದುವೆ ಹುಡುಗಿಗೆ ಹೇಳಬಾರದಾ?"

"ಬಡವನ ಮಾತು ಯಾರು ಕೇಳ್ತಾರೆ? ನಾಳೆ ಇಷ್ಟೊತ್ತಿಗೆ ಅವಳೂ ಅವನ ಕೈ ಸೇರಿರ್ತಾಳೆ... ಪಾಪ."

ಚುಂಯ್... ಬೆಳಗಿನವರೆಗೂ ನಿಲ್ಲಲಿಲ್ಲ.

ಬೆಳಿಗ್ಗೆ ಯಜಮಾನನ ಬಾಗಿಲ ಚಿಲಕಕ್ಕೆ ಮದುವೆ ಅಂಗಿ ನೇತಾಡುತ್ತಿತ್ತು. ಹಾಲಿನಂಥ ಬಿಳಿ. ಒಂದು ಸುಕ್ಕಿಲ್ಲ. ಮುಟ್ಟಿದರೆ ಬೆಚ್ಚಗೆ.

"ಭೇಷ್! ಯಾರದೋ ಈ ಕೈಚಳಕ?" ಯಜಮಾನ ನಕ್ಕ.

ಅಣ್ಣ ಅಂಗಿಯನ್ನೇ ನೋಡಿದ. "ಹಳೇ ಕೈ, ಯಜಮಾನ್ರೇ. ಹಾಕ್ಕೊಳ್ಳಿ... ಆರೋದ್ರೊಳಗೆ."

ಹಜಾರದ ತುಂಬ ಜನ. ಹುಡುಗಿ ಕೈ ಚಾಚಿದಳು. ಆ ಅಂಗಿ ತೊಟ್ಟ ಯಜಮಾನ ಹಿಡಿದ.

ಚುಂಯ್...

ಎಲ್ಲರಿಗೂ ಕೇಳಿಸಿತು. ಆಮೇಲೆ ಚರ್ಮ ಸುಟ್ಟ ವಾಸನೆ. ಆಮೇಲೆ ಯಜಮಾನನ ಕೂಗು. "ತೆಗೀರಿ! ಬೆನ್ನ ಮೇಲಿಂದ ಅವಳನ್ನ ಎಳೀರಿ! ಸುಟ್ಟಿದ್ದು ನಾನೇ... ತಳ್ಳಿದ್ದೂ ನಾನೇ! ಸಾಕು ಮಾಡೇ!"

ಹುಡುಗಿ ಕೈ ಕೊಡವಿಕೊಂಡಳು. "ಅಪ್ಪಾ, ಗಾಡಿ ತರಿಸು" ಅಂದಳು. ಅಷ್ಟೇ.

ಅಂಗಿ ಬಿಚ್ಚಿದ್ದು ನಾನೂ ಅಣ್ಣನೂ. ಬೆನ್ನಿನ ನಡುವೆ ಪೆಟ್ಟಿಗೆಯ ಅಚ್ಚು, ಮೂಳೆ ಕಾಣುವಷ್ಟು. ಅಂಗಿಯ ಮೇಲೆ ಒಂದು ಕಲೆ ಇಲ್ಲ. ಅವನು ಸಾಯಲಿಲ್ಲ. ಜೈಲಿನಲ್ಲಿ ಇವತ್ತಿಗೂ ಬೋರಲಾಗಿಯೇ ಮಲಗುತ್ತಾನಂತೆ.

ಆ ಸಂಜೆ ಅಣ್ಣ ಇಸ್ತ್ರಿ ಕೋಣೆಯ ಬೀಗ ತೆಗೆದ. ಪೆಟ್ಟಿಗೆ ಮೇಜಿನ ಮೇಲಿತ್ತು. ಮುಚ್ಚಳ ಎತ್ತಿದೆ. ಇದ್ದಿಲಿಲ್ಲ, ಬೂದಿಯಿಲ್ಲ. ಒಳಗೆಲ್ಲ ಜೇಡರ ಬಲೆ... ಒಂದೆಳೆಯೂ ಹರಿದಿರಲಿಲ್ಲ. ಜೇಡ ನಡುವೆ ಕೂತಿತ್ತು, ಜೀವಂತ.

ನಂಬೋದಾದ್ರೆ ನಂಬಿ. ಈ ಕಣ್ಣಲ್ಲಿ ಕಂಡದ್ದು.

ಎಷ್ಟೋ ವರ್ಷದ ಮೇಲೆ ಈಗ ಈ ಊರಿನ ಅನ್ನದ ಋಣವೂ ತೀರಿತು, ಗಂಟು ಕಟ್ಟುತ್ತಿದ್ದೇನೆ. ಬಾಡಿಗೆ ಮನೆಯ ಅಮ್ಮ ಈಗಷ್ಟೇ ಇಣುಕಿ, "ಅಂಗಿ ಮುದ್ದೆಯಾಗಿದೆಯಲ್ಲೋ, ಇಸ್ತ್ರಿ ಹಾಕಿಕೊಡ್ಲಾ?" ಅಂದರು.

ಬೇಡಮ್ಮಾ ಅಂದೆ. ಹೀಗೇ ಇರಲಿ.